ಸೂರಿನ ಕೆಳಗೆ ಬೇರೆಯೇ ರಾಜರು

ಹಾಕಿಯಲ್ಲಿ ಆಸ್ಟ್ರಿಯಾ ಎರಡು ಸಲ ವಿಶ್ವ ಚಾಂಪಿಯನ್ ಆಗಿದೆ. ಇರಾನ್ ಕಂಚು ಗೆದ್ದಿದೆ. ಪೋಲೆಂಡಿನ ಗಂಡಸರು ಒಂದರ ಹಿಂದೊಂದು ಮೂರು ಫೈನಲ್ ಆಡಿ ಮೂರನ್ನೂ ಸೋತಿದ್ದಾರೆ. ಭಾರತ ಇನ್ನೂ ಒಂದು ಪಂದ್ಯವನ್ನೂ ಆಡಿಲ್ಲ. ಈ ಮಾತನ್ನು ಮಡಿಕೇರಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿದರೆ ಜನ ನನ್ನ ಮುಖ ನೋಡಿ, ಪಾಪ, ಅಮೆರಿಕದ ನೀರು ಕುಡಿದು ಹೀಗಾಗಿದೆ ಎಂದುಕೊಂಡು ಹೋಗಬಹುದು. ಆದರೆ ಮಾತು ನಿಜ. ಇದು 2003ರಿಂದ ನಡೆಯುತ್ತಿರುವ ಒಳಾಂಗಣ ಹಾಕಿ ವಿಶ್ವಕಪ್‌ನ ಲೆಕ್ಕ.

ಈ ಟೂರ್ನಿಯ ಬಗ್ಗೆ ನನಗೆ ಬರುವ ಪ್ರಶ್ನೆಗಳು ಎರಡು ದಿಕ್ಕಿನಿಂದ ಬರುತ್ತವೆ. ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಸರಟೋಗಾ, ಕ್ಯುಪರ್ಟಿನೋ, ಲಾಸ್ ಗ್ಯಾಟೋಸ್ ಸುತ್ತಲಿನ ಕನ್ನಡದ ಅಪ್ಪ ಅಮ್ಮಂದಿರದು ಒಂದು ಬಗೆ: ಮಗಳು ಹೈಸ್ಕೂಲಿನಲ್ಲಿ ಫೀಲ್ಡ್ ಹಾಕಿ ಸೇರಿದ್ದಾಳೆ, ಚಳಿಗಾಲದಲ್ಲಿ ಇಂಡೋರ್ ಆಡಿಸಿ ಎಂದು ಕೋಚ್ ಹೇಳುತ್ತಾರೆ, ಅದೇನದು, ಅದಕ್ಕೆ ಮುಂದೆ ಏನಾದರೂ ದಾರಿ ಇದೆಯಾ? ಕರ್ನಾಟಕದ ಓದುಗರದು ಇನ್ನೊಂದು: ಹಾಕಿ ನಮ್ಮ ಆಟ, ಅದರದ್ದೇ ಒಂದು ವಿಶ್ವಕಪ್‌ನಲ್ಲಿ ನಾವು ಯಾಕಿಲ್ಲ? ಕೇಳುವವರ ನಡುವೆ ಒಂದು ಸಮುದ್ರವೇ ಇದ್ದರೂ ಎರಡಕ್ಕೂ ಉತ್ತರ ಹೆಚ್ಚುಕಡಿಮೆ ಒಂದೇ. ಹವಾಮಾನ, ಮತ್ತು ಆ ಹವಾಮಾನಕ್ಕೆ ಹೆದರಿ ಕಟ್ಟಿಸಿದ ಕಟ್ಟಡ.

ಮೊದಲು ಆಟ ಹೇಗೆ ಅನ್ನುವುದನ್ನು ನೋಡೋಣ. ಬಯಲಿನ ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಒಳಾಂಗಣದ್ದು 36ರಿಂದ 44 ಮೀಟರ್ ಉದ್ದ, 18ರಿಂದ 22 ಮೀಟರ್ ಅಗಲ. ಅಂದರೆ ಬಯಲಿನ ಒಂದು ಮೈದಾನದ ವಿಸ್ತೀರ್ಣ ಇಂಥ ಐದಾರು ಅಂಕಣಗಳಷ್ಟು. ಹನ್ನೊಂದು ಜನರ ಬದಲು ಆರು ಜನ, ಗೋಲ್‌ಕೀಪರ್ ಸೇರಿ. ಗೋಲಿನ ಕಂಬಗಳ ನಡುವೆ 3 ಮೀಟರ್, ಎತ್ತರ 2 ಮೀಟರ್. ನಮ್ಮವರು ‘ಡಿ’ ಎನ್ನುವ ವೃತ್ತದ ತ್ರಿಜ್ಯ 9 ಮೀಟರ್. ಹತ್ತು ಹತ್ತು ನಿಮಿಷದ ನಾಲ್ಕು ಅವಧಿ. ಮಧ್ಯೆ ಕೆಲವು ಕಾಲ ಆಟಗಾರರನ್ನು ಐವರಿಗೆ ಇಳಿಸಿ ನೋಡಿದರು, ಯಾರಿಗೂ ಅಷ್ಟಾಗಿ ಹಿಡಿಸದೆ ಮತ್ತೆ ಆರಕ್ಕೇ ಬಂದರು.

ಅಳತೆಗಿಂತ ದೊಡ್ಡ ಬದಲಾವಣೆ ನಿಯಮದಲ್ಲಿದೆ. ಇಲ್ಲಿ ಹಿಟ್ ಇಲ್ಲ. ಸ್ಟಿಕ್ ಬೀಸಿ ಚೆಂಡಿಗೆ ಬಾರಿಸುವಂತಿಲ್ಲ. ಪುಷ್ ಮಾಡಬೇಕು, ಗೋಲಿಗೆ ಹೊಡೆಯುವಾಗ ಫ್ಲಿಕ್ ಮಾಡಬಹುದು. ಗೋಲಿನತ್ತ ಹೊಡೆಯುವಾಗ ಬಿಟ್ಟು ಬೇರೆ ಯಾವಾಗಲೂ ಚೆಂಡು ನೆಲ ಬಿಟ್ಟು ಏಳಬಾರದು. ಗೋಲ್‌ಕೀಪರ್ ಹೊರತು ಬೇರೆಯವರು ಮಂಡಿಯೂರಿಯೋ ನೆಲಕ್ಕೆ ಬಿದ್ದೋ ಚೆಂಡು ತಡೆದರೆ ಫೌಲ್. ಅಂಕಣದ ಎರಡು ಉದ್ದ ಬದಿಗಳಲ್ಲಿ 10 ಸೆಂಟಿಮೀಟರ್ ಎತ್ತರದ ಮರದ ಪಟ್ಟಿ ಹಾಕಿರುತ್ತಾರೆ. ಚೆಂಡು ಅದಕ್ಕೆ ತಾಗಿ ಮರಳಿ ಬರುತ್ತದೆ, ಆಟ ನಿಲ್ಲುವುದಿಲ್ಲ. ಕೇರಂ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಎದುರಾಳಿ ಅಡ್ಡ ನಿಂತಿದ್ದರೆ ಪಟ್ಟಿಗೆ ಕೋನ ನೋಡಿ ತಳ್ಳು, ಅವನ ಬೆನ್ನ ಹಿಂದೆ ನಿನ್ನವನಿಗೆ ಸಿಗುತ್ತದೆ. ಸ್ಯಾನ್ ಹೊಸೆಯಲ್ಲಿ ಶಾರ್ಕ್ಸ್ ತಂಡದ ಐಸ್ ಹಾಕಿ ನೋಡಿದವರಿಗೂ ಈ ಪಟ್ಟಿಯ ವ್ಯವಹಾರ ಹೊಸದಲ್ಲ. ಅಲ್ಲಿ ಗೋಡೆ ಎದೆಮಟ್ಟ, ಆಟಗಾರರನ್ನೂ ಅದಕ್ಕೆ ಅಪ್ಪಳಿಸುತ್ತಾರೆ. ಇಲ್ಲಿ ಪಟ್ಟಿ ಪಾದದ ಮಟ್ಟಕ್ಕಿದೆ, ಅಪ್ಪಳಿಸುವುದು ಚೆಂಡನ್ನು ಮಾತ್ರ.

ಈಗ ಕಟ್ಟಡದ ಮಾತಿಗೆ ಬರೋಣ. ಈ ಆಟ ಹುಟ್ಟಿದ್ದು ಜರ್ಮನಿಯಲ್ಲಿ, 1950ರ ದಶಕದಲ್ಲಿ. ಡಿಸೆಂಬರ್ ಬಂದರೆ ಅಲ್ಲಿ ಮೈದಾನ ಹೆಪ್ಪುಗಟ್ಟುತ್ತದೆ, ಸಂಜೆ ನಾಲ್ಕಕ್ಕೆ ಕತ್ತಲು. ಮೂರು ತಿಂಗಳು ಕೈಕಟ್ಟಿ ಕೂರಲು ಮನಸ್ಸಿಲ್ಲದ ಕ್ಲಬ್ಬಿನವರು ಸ್ಟಿಕ್ ಹಿಡಿದು ಸಭಾಂಗಣದೊಳಗೆ ಹೋದರು. ಹೋಗಲು ಸಭಾಂಗಣ ಇತ್ತು ಅನ್ನುವುದೇ ಮುಖ್ಯ. ಜರ್ಮನಿ ಹ್ಯಾಂಡ್‌ಬಾಲ್ ಹುಚ್ಚಿನ ದೇಶ. ಹ್ಯಾಂಡ್‌ಬಾಲ್ ಅಂಕಣದ ಅಳತೆ 40 ಮೀಟರ್‌ಗೆ 20 ಮೀಟರ್. ಒಳಾಂಗಣ ಹಾಕಿಯ ಅಳತೆಯನ್ನು ಇನ್ನೊಮ್ಮೆ ನೋಡಿ, ಎಲ್ಲಿ ಕೂರುತ್ತದೆ ಅಂತ ತಿಳಿಯುತ್ತದೆ. ಹ್ಯಾಂಡ್‌ಬಾಲ್‌ನ ಗೋಲು ಕೂಡ 3 ಮೀಟರ್‌ಗೆ 2 ಮೀಟರ್. ಹಾಕಿಯವರು ಹೊಸದಾಗಿ ಕಟ್ಟಬೇಕಾದದ್ದು ಬಹಳ ಇರಲಿಲ್ಲ, ಬದಿಗೆ ಮರದ ಪಟ್ಟಿ ಇಟ್ಟರೆ ಸಾಕಿತ್ತು.

ಪಕ್ಕದ ಆಸ್ಟ್ರಿಯಾ, ಪೋಲೆಂಡ್, ನೆದರ್ಲೆಂಡ್ಸ್‌ಗಳಲ್ಲೂ ಅದೇ ಚಳಿ, ಅಂಥದ್ದೇ ಸಭಾಂಗಣ. 1960ರ ದಶಕ ಮುಗಿಯುವ ಹೊತ್ತಿಗೆ ಅಂತರರಾಷ್ಟ್ರೀಯ ಹಾಕಿ ಫೆಡರೇಶನ್ ಈ ಆಟವನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. 1974ರಲ್ಲಿ ಬರ್ಲಿನ್‌ನಲ್ಲಿ ಗಂಡಸರ ಮೊದಲ ಯುರೋಪಿಯನ್ ಚಾಂಪಿಯನ್‌ಶಿಪ್ ನಡೆಯಿತು. ಮರುವರ್ಷ ಫ್ರಾನ್ಸಿನ ಅರಾಸ್‌ನಲ್ಲಿ ಹೆಂಗಸರದು. ಅಲ್ಲಿಂದ ವಿಶ್ವಕಪ್‌ಗೆ ಇನ್ನೂ ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಯುರೋಪಿನ ಹೊರಗೆ ಆಡುವವರೇ ಕಡಿಮೆ ಇದ್ದರು, ವಿಶ್ವಕಪ್ ಅನ್ನಲು ವಿಶ್ವ ಬೇಕಲ್ಲ.

2003ರ ಫೆಬ್ರುವರಿಯಲ್ಲಿ ಲೈಪ್‌ಜಿಗ್‌ನಲ್ಲಿ ಮೊದಲ ವಿಶ್ವಕಪ್. ತಿಂಗಳು ಗಮನಿಸಿ: ಅಲ್ಲಿಂದ ಇಲ್ಲಿಯವರೆಗೆ ಈ ಟೂರ್ನಿ ಫೆಬ್ರುವರಿ ಬಿಟ್ಟು ಕದಲಿಲ್ಲ. ಗಂಡಸರು, ಹೆಂಗಸರು ಎರಡೂ ವಿಭಾಗ ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ. ಎರಡನ್ನೂ ಜರ್ಮನಿಯೇ ಗೆದ್ದಿತು. ಗಂಡಸರ ಫೈನಲ್‌ನಲ್ಲಿ ಪೋಲೆಂಡ್ 7–1ರಿಂದ ಸೋತಿತು. 2007ರಲ್ಲಿ ವಿಯೆನ್ನಾ, ಮತ್ತೆ ಜರ್ಮನಿ, ಎದುರಿಗೆ ಮತ್ತೆ ಪೋಲೆಂಡ್. ಹೆಂಗಸರಲ್ಲಿ ಆ ಸಲ ನೆದರ್ಲೆಂಡ್ಸ್ ಗೆದ್ದಿತು. 2011ರಲ್ಲಿ ಟೂರ್ನಿ ಪೋಲೆಂಡಿಗೇ ಬಂತು, ಅದೂ ಪೋಜ್ನಾನ್‌ಗೆ. ಪೋಲೆಂಡಿನ ಹಾಕಿಗೆ ಪೋಜ್ನಾನ್ ಸೀಮೆ ಅಂದರೆ ನಮಗೆ ಕೊಡಗು ಇದ್ದಂತೆ, ಆಟಗಾರರಲ್ಲಿ ಬಹುಪಾಲು ಆ ಕಡೆಯವರೇ. ಊರ ಜನರ ಮುಂದೆ, ಮೂರನೇ ಫೈನಲ್‌ನಲ್ಲಿ, ಅದೇ ಜರ್ಮನಿಯ ಎದುರು 3–2. ಆ ಒಂದು ಗೋಲಿನ ಅಂತರ ಪೋಜ್ನಾನ್‌ನವರಿಗೆ ಎಷ್ಟು ವರ್ಷ ಕಾಡಿರಬೇಕು. 1982ರ ದೆಹಲಿ ಏಷ್ಯಾಡ್ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಭಾರತ 7–1ರಿಂದ ಸೋತದ್ದನ್ನು ಇವತ್ತಿಗೂ ಮಾತಾಡುವ ನಮಗೆ ಅದು ಅರ್ಥವಾಗುತ್ತದೆ.

2015ರಲ್ಲಿ ಮತ್ತೆ ಲೈಪ್‌ಜಿಗ್. ಜರ್ಮನ್ ಗಂಡಸರ ಓಟ ಅಲ್ಲಿ ನಿಂತಿತು. ನೆದರ್ಲೆಂಡ್ಸ್ ಗೆದ್ದಿತು, ಫೈನಲ್‌ನಲ್ಲಿ 3–2ರಿಂದ ಸೋತದ್ದು ಆಸ್ಟ್ರಿಯಾ. ನನ್ನ ಮಟ್ಟಿಗೆ ಈ ಇತಿಹಾಸದ ರುಚಿಯಾದ ಭಾಗ ಶುರುವಾಗುವುದು ಇಲ್ಲಿಂದ. ಬಯಲಿನ ಹಾಕಿಯಲ್ಲಿ ಆಸ್ಟ್ರಿಯಾವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. 1971ರಲ್ಲಿ ಆರಂಭವಾಗಿ 2023ರವರೆಗೆ ನಡೆದ ಗಂಡಸರ ವಿಶ್ವಕಪ್‌ಗಳಲ್ಲಿ ಅದರ ಹೆಸರೇ ಸಿಗುವುದಿಲ್ಲ. ಆದರೆ ಸೂರಿನ ಕೆಳಗೆ ಬಂದರೆ ಆ ತಂಡವೇ ಬೇರೆ. 2018ರಲ್ಲಿ ಬರ್ಲಿನ್‌ನಲ್ಲಿ, ಜರ್ಮನಿಯ ರಾಜಧಾನಿಯಲ್ಲೇ, ಜರ್ಮನಿಯ ಎದುರು ಫೈನಲ್ 3–3ರಲ್ಲಿ ಸಮವಾಗಿ ಶೂಟೌಟ್‌ಗೆ ಹೋಯಿತು, ಆಸ್ಟ್ರಿಯಾ ಗೆದ್ದಿತು. ಆ ತಂಡದ ಮಿಖಾಯೆಲ್ ಕೋರ್ಪರ್‌ನ ಪೆನಾಲ್ಟಿ ಕಾರ್ನರ್ ಅಂದರೆ ಈ ವಲಯದಲ್ಲಿ ಎಲ್ಲರಿಗೂ ಗೊತ್ತು. ಅದೇ ಟೂರ್ನಿಯಲ್ಲಿ ಮೂರನೇ ಸ್ಥಾನಕ್ಕೆ ಆಸ್ಟ್ರೇಲಿಯಾವನ್ನು ಸೋಲಿಸಿದ ತಂಡ ಇರಾನ್! ಬಯಲಿನಲ್ಲಿ ಈ ಎರಡು ತಂಡ ಎದುರಾದರೆ ಏನಾಗುತ್ತದೆ ಅಂತ ಹೇಳಲು ಹಾಕಿ ಪಂಡಿತರು ಬೇಕಿಲ್ಲ. ಇರಾನಿನಲ್ಲಿ ಫುಟ್ಸಾಲ್ ಎಂಬ ಒಳಾಂಗಣ ಫುಟ್‌ಬಾಲಿನ ಹುಚ್ಚು ದೊಡ್ಡದು, ಅದರ ರಾಷ್ಟ್ರೀಯ ತಂಡ ಏಷ್ಯಾಕ್ಕೆ ಬಹುಕಾಲದ ದೊರೆ. ಫುಟ್ಸಾಲ್ ಅಂಕಣವೂ ಹೆಚ್ಚುಕಡಿಮೆ 40ಕ್ಕೆ 20. ಸಭಾಂಗಣ ಇದ್ದಲ್ಲಿ ಹಾಕಿ ಸೂರಿನೊಳಗೆ ಬೆಳೆಯಿತು, ಅಷ್ಟೇ.

ಮುಂದಿನದು ಬೆಲ್ಜಿಯಂನ ಲಿಯೇಜ್‌ನಲ್ಲಿ ನಡೆಯಬೇಕಿತ್ತು. ಕೋವಿಡ್‌ನಿಂದ ಮೊದಲು ಮುಂದಕ್ಕೆ ಹೋಯಿತು, ಆಮೇಲೆ ರದ್ದೇ ಆಯಿತು. 2023ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ, ಯುರೋಪಿನ ಹೊರಗೆ ಮೊದಲ ಸಲ. ಅಲ್ಲೂ ಆಸ್ಟ್ರಿಯಾ, ಅಲ್ಲೂ ಶೂಟೌಟ್, ಈ ಬಾರಿ ನೆದರ್ಲೆಂಡ್ಸ್ ವಿರುದ್ಧ. ಹೆಂಗಸರಲ್ಲಿ ನೆದರ್ಲೆಂಡ್ಸ್ ಆಸ್ಟ್ರಿಯಾವನ್ನು 7–1ರಿಂದ ಹೊಡೆದು ಲೆಕ್ಕ ಚುಕ್ತಾ ಮಾಡಿತು. 2025ರಲ್ಲಿ ಕ್ರೊಯೇಷ್ಯಾದ ಪೊರೆಚ್‌ನಲ್ಲಿ ಜರ್ಮನ್ ಗಂಡಸರು ಕಿರೀಟ ಮರಳಿ ಪಡೆದರು. ಹೆಂಗಸರ ವಿಭಾಗ ಗೆದ್ದದ್ದು ಪೋಲೆಂಡ್. ಅಣ್ಣಂದಿರಿಗೆ ಮೂರು ಫೈನಲ್‌ನಲ್ಲಿ ದಕ್ಕದ್ದನ್ನು ತಂಗಿಯರು ಮನೆಗೆ ತಂದರು.

ಪ್ರಿಟೋರಿಯಾದ ಹೊತ್ತಿನ ಒಂದು ಸಂಗತಿ ನನಗೆ ಮರೆಯುವುದಿಲ್ಲ. 2023ರ ಜನವರಿ 29ರಂದು ಭುವನೇಶ್ವರದಲ್ಲಿ ಬಯಲಿನ ವಿಶ್ವಕಪ್ ಫೈನಲ್, ಜರ್ಮನಿ ಬೆಲ್ಜಿಯಂ ಎದುರು ಶೂಟೌಟ್‌ನಲ್ಲಿ ಗೆದ್ದಿತು. ಕನ್ನಡ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂತು, ಬರಬೇಕಾದದ್ದೇ. ಸರಿಯಾಗಿ ಒಂದು ವಾರಕ್ಕೆ, ಫೆಬ್ರುವರಿ 5ರಂದು, ಅದೇ ಫೆಡರೇಶನ್ನಿನ ಇನ್ನೊಂದು ವಿಶ್ವಕಪ್ ಶುರುವಾಯಿತು. ನನ್ನ ಕಣ್ಣಿಗೆ ಒಂದು ಸಾಲೂ ಬೀಳಲಿಲ್ಲ. ನಾವಿಲ್ಲದ ಮದುವೆಯ ಊಟದ ಸುದ್ದಿ ನಮಗೇಕೆ ಎಂದು ಸಂಪಾದಕರು ಅಂದುಕೊಂಡಿರಬಹುದು.

ನಾವು ಯಾಕಿಲ್ಲ ಅನ್ನುವುದಕ್ಕೆ ಕೊಡಗಿನ ಪಂಚಾಂಗ ನೋಡಿದರೆ ಸಾಕು. ಕಾಫಿ ಕೊಯ್ಲು ಮುಗಿದು, ಶಾಲೆಗಳಿಗೆ ರಜೆ ಬಂದು, ಮುಂಗಾರು ಇನ್ನೂ ದೂರವಿರುವ ಏಪ್ರಿಲ್–ಮೇ ತಿಂಗಳಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ನಡೆಯುತ್ತದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದಾಗ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ 360 ಕುಟುಂಬದ ತಂಡಗಳು ಬಂದು ಗಿನ್ನೆಸ್ ಪುಸ್ತಕಕ್ಕೂ ಹೋಯಿತು. ಒಂದೇ ಒಕ್ಕದವರು, ಅಂದರೆ ಒಂದೇ ಮನೆತನದವರು, ಒಂದು ತಂಡ, ಅಜ್ಜನೂ ಮೊಮ್ಮಗಳೂ ಒಟ್ಟಿಗೆ ಆಡುವ ಟೂರ್ನಿ ಇದು. ಜೂನ್ ಬಂದರೆ ಮಳೆ, ಮೈದಾನ ಮುಚ್ಚಿತು. ಜರ್ಮನಿಗೆ ಹಿಮ ಮಾಡಿದ್ದನ್ನೇ ಕೊಡಗಿಗೆ ಮಳೆ ಮಾಡುತ್ತದೆ. ಆದರೆ ಜರ್ಮನಿ ಸೂರಿನೊಳಗೆ ಹೋಯಿತು. ಕೊಡಗು ಕೆಸರುಗದ್ದೆಗೆ ಇಳಿಯಿತು! ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ಫುಟ್‌ಬಾಲ್, ಥ್ರೋಬಾಲ್, ಹಗ್ಗಜಗ್ಗಾಟ. ಮಳೆಯನ್ನು ಶತ್ರು ಎಂದುಕೊಳ್ಳದ ಜನ ಸಭಾಂಗಣ ಯಾಕೆ ಕಟ್ಟಿಯಾರು? ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ.

ಸಭಾಂಗಣಗಳು ನಮ್ಮಲ್ಲಿಲ್ಲ ಎಂದಲ್ಲ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ ಇದೆ, ಪ್ರೊ ಕಬಡ್ಡಿಯ ರಾತ್ರಿಗಳಲ್ಲಿ ಅದು ತುಂಬಿ ತುಳುಕಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ. ಆದರೆ ನಮ್ಮ ಒಳಾಂಗಣಗಳು ಬ್ಯಾಡ್ಮಿಂಟನ್, ಬ್ಯಾಸ್ಕೆಟ್‌ಬಾಲ್, ಕಬಡ್ಡಿಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದವು. ಹಾಕಿಯ ಹುಡುಗರು ಬೆಳೆಯುವ ಪೊನ್ನಂಪೇಟೆ, ಸೋಮವಾರಪೇಟೆಗಳಿಗೆ ಬೇಕಾಗಿದ್ದದ್ದು ಟರ್ಫ್. ಅದು ಬರುವುದಕ್ಕೇ ನಾವು ಎಷ್ಟು ಕಾದೆವು! 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ಆಡಿಸಿದರು. ಹಿಂದಿನ ವರ್ಷವಷ್ಟೇ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ಜಾರಿತು. ಆ ವಿಶ್ವಕಪ್ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು, ಅದಕ್ಕೂ ಮುಂಚೆ 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ತಂದ ತಂಡಕ್ಕೆ ಎಂ.ಪಿ. ಗಣೇಶ್ ನಾಯಕ, ಆಮೇಲೆ 1980ರ ಮಾಸ್ಕೋ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ. ಇವರೆಲ್ಲ ಮಣ್ಣಿನ ಮೈದಾನದಲ್ಲಿ ಕಲಿತವರು. ನೆಲ ಬದಲಾದಾಗ ಹಾಕಿಯ ಯಜಮಾನಿಕೆಯೂ ಕೈ ಬದಲಾಯಿಸುತ್ತದೆ ಎಂಬ ಪಾಠವನ್ನು ಭಾರತ ಒಮ್ಮೆ ದುಬಾರಿ ಬೆಲೆ ಕೊಟ್ಟು ಕಲಿತಿದೆ. ಟರ್ಫ್ ಹಾಸಲೇ ದುಡ್ಡು ಹೊಂದಿಸುತ್ತಿದ್ದ ದೇಶ ಮರದ ಹಾಸಿನ ಮೂರನೇ ಬಗೆಯ ಹಾಕಿಗೆ ಕೈ ಹಾಕದೆ ಉಳಿಯಿತು. ಒಲಿಂಪಿಕ್ಸ್‌ನಲ್ಲಿ ಒಳಾಂಗಣ ಹಾಕಿ ಇಲ್ಲ ಅನ್ನುವುದೂ ಸೇರಿಕೊಂಡಿತು. ಪದಕ ಇಲ್ಲದಲ್ಲಿ ಸರ್ಕಾರದ ದುಡ್ಡು ಹರಿಯುವುದಿಲ್ಲ.

ಇನ್ನು ಸರಟೋಗಾ. ಹಿಂದೆ ಜರ್ದಾಲು, ಪ್ಲಮ್ ತೋಟಗಳಿದ್ದ ಈ ಬೆಟ್ಟದ ಬುಡದ ಊರಿನಲ್ಲಿ ಹಿಮ ಬೀಳುವುದಿಲ್ಲ. ಚಳಿಗಾಲವೆಂದರೆ ನಾಲ್ಕು ಮಳೆ, ಒಂದು ಸ್ವೆಟರ್. ಸರಟೋಗಾ ಹೈಸ್ಕೂಲಿನಲ್ಲಿ ಫೀಲ್ಡ್ ಹಾಕಿ ಹುಡುಗಿಯರ ಆಟ, ಆಗಸ್ಟ್‌ನಿಂದ ನವೆಂಬರ್ ಮೊದಲ ಭಾಗದವರೆಗೆ ಅದರ ಸೀಸನ್. ಹುಡುಗಿಯರದೇ ಆಗಿರುವುದಕ್ಕೂ ಇತಿಹಾಸ ಇದೆ. 1901ರಲ್ಲಿ ಕಾನ್‌ಸ್ಟನ್ಸ್ ಆಪಲ್‌ಬಿ ಎಂಬ ಇಂಗ್ಲಿಷ್ ಮಹಿಳೆ ಹಾರ್ವರ್ಡ್‌ನ ಬೇಸಿಗೆ ಶಿಬಿರದಲ್ಲಿ ತೋರಿಸಿಕೊಟ್ಟ ಆಟ ಇಲ್ಲಿ ಮಹಿಳಾ ಕಾಲೇಜುಗಳ ಮೂಲಕ ಹಬ್ಬಿತು. ಹುಡುಗರಿಗೆ ಶಾಲೆಯ ತಂಡ ಇಲ್ಲ. ಗಂಡಸರ ಹಾಕಿ ಬೇ ಏರಿಯಾದಲ್ಲಿ ಉಳಿದುಕೊಂಡದ್ದು ಹೆಚ್ಚಾಗಿ ಪಂಜಾಬಿನಿಂದ, ಪಾಕಿಸ್ತಾನದಿಂದ, ಮಲೇಷ್ಯಾದಿಂದ, ನಮ್ಮ ಕೊಡಗಿನಿಂದ ಬಂದವರ ವಾರಾಂತ್ಯದ ಹಟದಿಂದ.

ಒಮ್ಮೆ ಶಾಲೆಯ ಪಂದ್ಯ ನೋಡುತ್ತ ಕುಳಿತಿದ್ದಾಗ ಪಕ್ಕದಲ್ಲಿ ವಿರಾಜಪೇಟೆ ಕಡೆಯ ಹಿರಿಯರೊಬ್ಬರು ಸಿಕ್ಕರು. ಮಗಳ ಮನೆಗೆ ಆರು ತಿಂಗಳಿಗೆ ಬಂದವರು, ಮೊಮ್ಮಗಳು ಹಾಫ್‌ಬ್ಯಾಕ್. ಅವಳು ಚೆಂಡು ಕಳೆದುಕೊಂಡಾಗಲೆಲ್ಲ ಕೂತಲ್ಲೇ ಅವರ ಮಣಿಕಟ್ಟು ತಿರುಗುತ್ತಿತ್ತು. ನಾನು ಒಳಾಂಗಣ ಹಾಕಿಯ ಮಾತು ತೆಗೆದೆ, ಹಿಟ್ ಹೊಡೆಯುವಂತಿಲ್ಲ ಅಂದೆ.

“ಹಿಟ್ ಇಲ್ಲ ಅಂದಮೇಲೆ ಅದು ಎಂಥ ಹಾಕಿ ಮಾರಾಯ್ರೇ?” ಅಂದರು.

ಫೋನಿನಲ್ಲಿ ಬರ್ಲಿನ್ ಫೈನಲ್‌ನ ತುಣುಕು ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ಇಬ್ಬರ ನಡುವೆ ಅಂಗೈಯಗಲದ ಜಾಗದಲ್ಲಿ ಒಬ್ಬ ಚೆಂಡು ಎಳೆದು, ತಿರುಗಿಸಿ, ತಳ್ಳಿದ. “ಇನ್ನೊಂದ್ಸಲ ಹಾಕಿ ನೋಡುವ” ಅಂದರು. ಮತ್ತೆ ನೋಡಿ, “ಇದರಲ್ಲಿ ಕೈ ಉಂಟಲ್ಲ! ಈಗಿನ ಟರ್ಫಿನವರಿಗೆ ಕಾಲು ಮಾತ್ರ ಇರೋದು” ಅಂದರು.

ಟರ್ಫಿನವರ ಬಗ್ಗೆ ಅವರ ಮಾತು ಪೂರ್ತಿ ಸರಿಯಲ್ಲ, ಹಿರಿಯರಿಗೆ ಅಷ್ಟು ಸಲಿಗೆ ಇರಲಿ. ಕೈಯ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಟರ್ಫ್ ಬಂದು ಬಯಲಿನ ಹಾಕಿಯನ್ನು ಓಟ, ಉದ್ದ ಪಾಸು, ಬಿರುಸಿನ ಹೊಡೆತದ ಆಟವಾಗಿಸಿತು. ಹೊಡೆತವನ್ನೇ ನಿಷೇಧಿಸಿದ ಸಭಾಂಗಣದ ಆಟದಲ್ಲಿ ಪುಷ್, ಫ್ಲಿಕ್, ಮಣಿಕಟ್ಟಿನ ತಿರುವುಗಳೇ ಬಂಡವಾಳ. ಭಾರತ ಯಾವುದನ್ನು ತನ್ನ ಶೈಲಿ ಎಂದು ಹೇಳಿಕೊಳ್ಳುತ್ತಿತ್ತೋ ಅದನ್ನು ಯುರೋಪಿನ ಚಳಿಗಾಲ ಮರದ ನೆಲದ ಮೇಲೆ ಜೋಪಾನ ಮಾಡಿದೆ ಅಂತ ನನಗೆ ಅನ್ನಿಸುತ್ತದೆ. ತೀರಾ ರಮ್ಯವಾಗಿ ನೋಡುವುದೂ ಬೇಡ. ಒಳಾಂಗಣ ಹಾಕಿಯಲ್ಲಿ ಒಬ್ಬನೇ ನಾಲ್ವರನ್ನು ದಾಟಿ ಹೋಗುವ ಕಥೆಗಳು ಕಡಿಮೆ. ಎದುರು ತಂಡ ತನ್ನ ವೃತ್ತದ ಸುತ್ತ ಸ್ಟಿಕ್‌ಗಳನ್ನು ನೆಲಕ್ಕೆ ಚಾಚಿ ಬೇಲಿ ಕಟ್ಟುತ್ತದೆ. ಆ ಬೇಲಿಯಲ್ಲಿ ಸಂದು ಹುಡುಕಲು ತಾಳ್ಮೆಯಿಂದ ಚೆಂಡು ಆಚೀಚೆ ಓಡಿಸುತ್ತಿರಬೇಕು. ಜರ್ಮನಿಯವರು ಇದರಲ್ಲಿ ಪಳಗಿದ್ದಾರೆ, ಯಾಕೆಂದರೆ ಅಲ್ಲಿ ಬಯಲಿನ ಲೀಗ್ ಚಳಿಗೆ ನಿಂತ ಕೂಡಲೇ ಅವೇ ಕ್ಲಬ್ಬುಗಳು ಸಭಾಂಗಣದ ಲೀಗಿಗೆ ಇಳಿಯುತ್ತವೆ. ಸಣ್ಣ ಜಾಗದಲ್ಲಿ ಕಲಿತ ಮೊದಲ ಸ್ಪರ್ಶ ಏಪ್ರಿಲ್‌ನಲ್ಲಿ ಹೊರಗೆ ಬಂದಾಗ ಕೈಬಿಡುವುದಿಲ್ಲ.

ಸರಟೋಗಾದ ಕೋಚ್‌ಗಳು ಚಳಿಗಾಲದಲ್ಲಿ ಇಂಡೋರ್ ಆಡಿಸಿ ಅನ್ನುವುದೂ ಇದಕ್ಕೇ. ತೊಂದರೆ ಇರುವುದು ಎಲ್ಲಿ ಆಡಿಸಬೇಕು ಎಂಬುದರಲ್ಲಿ. ಅಮೆರಿಕದ ಹೈಸ್ಕೂಲಿನ ಜಿಮ್ ಎಂದರೆ ಬ್ಯಾಸ್ಕೆಟ್‌ಬಾಲ್ ಅಂಕಣ: 84 ಅಡಿ ಉದ್ದ, 50 ಅಡಿ ಅಗಲ. ಮೀಟರಿನಲ್ಲಿ 25.6ಕ್ಕೆ 15.2. ಒಳಾಂಗಣ ಹಾಕಿಯ ಕನಿಷ್ಠ ಉದ್ದಕ್ಕೇ ಹತ್ತು ಮೀಟರ್ ಕಡಿಮೆ. ಜರ್ಮನಿಗೆ ಹ್ಯಾಂಡ್‌ಬಾಲ್ ಕೊಟ್ಟ ವರವನ್ನು ಅಮೆರಿಕಕ್ಕೆ ಬ್ಯಾಸ್ಕೆಟ್‌ಬಾಲ್ ಕೊಡಲಿಲ್ಲ. ಬೇ ಏರಿಯಾದಲ್ಲಿ ಗೋದಾಮುಗಳನ್ನು ಆಟದ ಹಾಲ್ ಮಾಡಿದವರು ಬೇಕಾದಷ್ಟಿದ್ದಾರೆ, ಆದರೆ ಅವೆಲ್ಲ ನಮ್ಮ ಮತ್ತು ಚೀನೀ ಮಕ್ಕಳ ಬ್ಯಾಡ್ಮಿಂಟನ್‌ಗೆ ಮೀಸಲು. ಆ ಹಾಸಿನ ಮೇಲೆ ಹಾಕಿ ಸ್ಟಿಕ್ ತಂದರೆ ಮಾಲೀಕರು ಪೊಲೀಸರನ್ನೇ ಕರೆದಾರು. ಉಳಿಯುವುದು ಫುಟ್ಸಾಲ್ ಅಂಕಣ. ಅದನ್ನು ಬಾಡಿಗೆಗೆ ಹಿಡಿದು, ತಡರಾತ್ರಿಯ ಹೊತ್ತು ಸಿಕ್ಕರೆ ಅದೇ ಪುಣ್ಯ ಎಂದುಕೊಂಡು ಆಡಿಸುವ ಕ್ಲಬ್ಬುಗಳನ್ನು ನೋಡಿದ್ದೇನೆ. ಬದಿಯ ಪಟ್ಟಿಯನ್ನು ಅಪ್ಪಂದಿರೇ ವ್ಯಾನಿನಿಂದ ಇಳಿಸಿ ಜೋಡಿಸುತ್ತಾರೆ.

ಅಮೆರಿಕದ ಪೂರ್ವ ತೀರದ ಕಥೆ ಬೇರೆ. ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ, ವರ್ಜೀನಿಯಾಗಳಲ್ಲಿ ಚಳಿ ಇದೆ, ಆದ್ದರಿಂದ ಹಾಲ್‌ಗಳಿವೆ, ಆದ್ದರಿಂದ ಆಟ ಇದೆ. ಲ್ಯಾಂಕಾಸ್ಟರ್ ಹತ್ತಿರದ ಸ್ಪೂಕಿ ನೂಕ್ ಎಂಬ ಭಾರೀ ಕ್ರೀಡಾ ಸಂಕೀರ್ಣ ಒಂದು ಕಾಲಕ್ಕೆ ರಾಷ್ಟ್ರೀಯ ಮಹಿಳಾ ತಂಡದ ಮನೆಯೇ ಆಗಿತ್ತು. ರಾಷ್ಟ್ರೀಯ ಒಳಾಂಗಣ ಟೂರ್ನಿಗೆ ಇಲ್ಲಿಯ ಮಕ್ಕಳು ವಿಮಾನ ಹತ್ತಿ ಅತ್ತ ಹೋಗಬೇಕು. ಪ್ರಿಟೋರಿಯಾಕ್ಕೆ ಅಮೆರಿಕದ ಗಂಡಸರ, ಹೆಂಗಸರ ತಂಡಗಳೆರಡೂ ಹೋಗಿದ್ದವು. ಅಲ್ಲಿಗೆ ಇಲ್ಲಿಂದ ದಾರಿಯೇ ಇಲ್ಲ ಎಂದೇನಲ್ಲ: ಸ್ಟ್ಯಾನ್‌ಫರ್ಡ್‌ಗೆ ಆಡಿದ ಕೊರಿನ್ ಜನೋಲಿ ಅಮೆರಿಕದ ಒಳಾಂಗಣ ತಂಡಕ್ಕೆ ಆಡಿದ್ದಾರೆ. ಆದರೆ ಕಾಲೇಜು ಪ್ರವೇಶದ ಲೆಕ್ಕ ಹಾಕಿ ಮಗಳ ಕೈಗೆ ಸ್ಟಿಕ್ ಕೊಡುವ ಅಪ್ಪಂದಿರಿಗೆ ನಾನು ಒಂದು ಮಾತು ನೆನಪಿಸುತ್ತೇನೆ. ಅದೇ ಸ್ಟ್ಯಾನ್‌ಫರ್ಡ್ 2020ರ ಜುಲೈನಲ್ಲಿ ಫೀಲ್ಡ್ ಹಾಕಿ ಸೇರಿ 11 ಆಟಗಳನ್ನು ಕೈಬಿಡುವುದಾಗಿ ಘೋಷಿಸಿತ್ತು, ಗದ್ದಲವಾಗಿ 2021ರ ಮೇನಲ್ಲಿ ಹಿಂದೆ ಸರಿಯಿತು. ಆಟ ಇಷ್ಟವಾದರೆ ಆಡಲಿ, ಅಷ್ಟು ಸಾಕು.

ಭಾರತದ ಓದುಗರಲ್ಲಿ ಕೆಲವರು ಇದನ್ನು ಹಾಕಿ ಫೈವ್ಸ್ ಜೊತೆ ಬೆರೆಸುತ್ತಾರೆ. ಅದು ಬೇರೆ. ಐದು ಜನರ ಆ ಆಟ ನಡೆಯುವುದು ಬಯಲಿನಲ್ಲೇ, ಚಿಕ್ಕ ಟರ್ಫಿನ ಮೇಲೆ. 2024ರ ಜನವರಿಯಲ್ಲಿ ಮಸ್ಕತ್‌ನಲ್ಲಿ ಅದರ ಮೊದಲ ವಿಶ್ವಕಪ್ ನಡೆದಾಗ ಭಾರತದ ಹೆಂಗಸರು ಫೈನಲ್ ತಲುಪಿ ನೆದರ್ಲೆಂಡ್ಸ್‌ಗೆ ಸೋತರು. ನನಗೆ ಇದರಲ್ಲಿ ಒಂದು ಸುಳಿವು ಕಾಣುತ್ತದೆ. ಸಣ್ಣ ಜಾಗದ ಹಾಕಿ ನಮ್ಮ ಹುಡುಗಿಯರಿಗೆ ಬರುತ್ತದೆ. ಪೊನ್ನಂಪೇಟೆಯಲ್ಲಿ 40ಕ್ಕೆ 20 ಮೀಟರಿನ ಒಂದು ಹಾಲ್ ಎದ್ದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಮಳೆ ಸುರಿಯುವಾಗ ಒಳಗೆ ಆಡಲು ಮಕ್ಕಳ ಕೊರತೆಯಂತೂ ಆಗುವುದಿಲ್ಲ. ಕೆಸರುಗದ್ದೆಗೆ ಭಾನುವಾರ ಹೇಗೂ ಇದೆ.

ಮುಂದಿನ ಸಲ ಟೂರ್ನಿ ಬಂದಾಗ ನೋಡಬೇಕೆನ್ನುವವರಿಗೆ ಒಂದೆರಡು ಮಾತು. ಚೆಂಡನ್ನೇ ಹಿಂಬಾಲಿಸಬೇಡಿ, ಕಣ್ಣು ಸೋಲುತ್ತದೆ. ಬದಿಯ ಪಟ್ಟಿಯ ಹತ್ತಿರ ನಿಂತ ಆಟಗಾರರನ್ನು ನೋಡಿ, ಮುಂದಿನ ಪಾಸು ಎಲ್ಲಿಗೆ ಅಂತ ಅವರ ಪಾದವೇ ಹೇಳುತ್ತದೆ. ಪೆನಾಲ್ಟಿ ಕಾರ್ನರ್ ಬಂದರೆ ಚಹಾ ತರಲು ಏಳಬೇಡಿ. ಮತ್ತೆ, ಕೊನೆಯ ಮೂರ‍್ನಾಲ್ಕು ನಿಮಿಷ ಒಂದು ಗೋಲಿನಿಂದ ಹಿಂದಿರುವ ತಂಡ ತನ್ನ ಗೋಲ್‌ಕೀಪರನ್ನೇ ಹೊರಗೆ ಕರೆದು ಆರನೇ ಆಟಗಾರನನ್ನು ಒಳಗೆ ಬಿಡುತ್ತದೆ. ಹಿಂದೆ ಗೋಲು ಬಟಾಬಯಲು, ಮುಂದೆ ಆರು ಜನ ಐವರ ಬೇಲಿಯ ಮೇಲೆ ಬೀಳುತ್ತಾರೆ. ಕಿತ್ತುಕೊಂಡ ಒಂದು ಚೆಂಡು ಆಚೆ ಬದಿಯ ಖಾಲಿ ಗೋಲಿಗೆ ಉರುಳಿದರೆ ಮುಗಿಯಿತು. ಪುಸ್ತಕದಲ್ಲಿ ಹುಚ್ಚಾಟ ಅನ್ನಿಸುವ ಈ ಲೆಕ್ಕ ಆಡುವಾಗ ಎಷ್ಟೋ ಸಲ ಫಲಿಸುತ್ತದೆ.